ಪಂಪಿಲ್ಲ, ಪೈಪಿಲ್ಲ, ನೀರುಂಟು

ಬೇಸಾಯದ ಮನೆಯಲ್ಲಿ ಹುಟ್ಟಿಯೂ ತೋಟಕ್ಕೆ ಕೈಹಚ್ಚದೆ ನೌಕರಿ ಹಿಡಿದವರು ನಡುವಯಸ್ಸು ದಾಟಿದ ಮೇಲೆ ಎರಡರಲ್ಲಿ ಒಂದು ಮಾಡುತ್ತಾರೆ. ದುಡ್ಡಿದ್ದವರು ಊರಾಚೆ ಕಾಲೆಕರೆ ಕೊಂಡು ಅದಕ್ಕೆ ಫಾರ್ಮ್‌ಹೌಸ್ ಎನ್ನುತ್ತಾರೆ. ಉಳಿದವರು ಸ್ಟಾರ್‌ಡ್ಯೂ ವ್ಯಾಲಿ ಆಡುತ್ತಾರೆ. ನಾನು ಉಳಿದವರ ಪೈಕಿ.

ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕೂತು, ಚಿತ್ರ, ಸಂಗೀತ, ಮಾತುಕತೆ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದ ಆಟ ಇದು. ಅಜ್ಜ ಬಿಟ್ಟುಹೋದ ಪಾಳು ಹೊಲ, ಒಂದಷ್ಟು ಸಲಕರಣೆ, ಊರ ಮೇಯರ್ ಕೊಟ್ಟ 15 ಪಾರ್ಸ್ನಿಪ್ ಬೀಜ. ಇಷ್ಟೇ ಬಂಡವಾಳ. ಬೆಳಗ್ಗೆ ಆರಕ್ಕೆ ಏಳುವಾಗ ಮೈಯಲ್ಲಿ 270 ಅಂಕದ ಕಸುವು ಇರುತ್ತದೆ. ಒಂದು ಗಿಡಕ್ಕೆ ನೀರು ಹಾಕಿದರೆ ಎರಡು ಅಂಕ ಹೋಯಿತು. 40 ಗಿಡಕ್ಕೆ ಹಾಕುವಷ್ಟರಲ್ಲಿ ಕ್ಯಾನು ಖಾಲಿ, ಮತ್ತೆ ಕೊಳಕ್ಕೆ ಓಡಬೇಕು. ಆಟದ ಇಡೀ ದಿನವೇ ನಮ್ಮ 14 ನಿಮಿಷ. ಅದರಲ್ಲಿ ಒಳ್ಳೆಯ ಪಾಲು ನೀರಿಗೇ ಹೋದರೆ ಮೀನು ಹಿಡಿಯುವುದು ಯಾವಾಗ, ಊರವರ ಹತ್ತಿರ ಹರಟುವುದು ಯಾವಾಗ?

ಇದಕ್ಕೆ ಪರಿಹಾರ ಸ್ಪ್ರಿಂಕ್ಲರ್. ಅದನ್ನು ಹೊಲದ ನಡುವೆ ಇಟ್ಟರಾಯಿತು, ದಿನಾ ಬೆಳಗ್ಗೆ ನಾವು ಏಳುವ ಮೊದಲೇ ಸುತ್ತಲಿನ ಮಣ್ಣು ಒದ್ದೆ. ರಾತ್ರಿ ತ್ರೀ ಫೇಸ್ ಕರೆಂಟು ಬರುವುದನ್ನೇ ಕಾದು, ಟಾರ್ಚ್ ಹಿಡಿದು ಮೋಟರು ಹಾಕಲು ಹೋಗುವ ನನ್ನ ಅಣ್ಣನಿಗೆ ಒಮ್ಮೆ ಇದನ್ನು ತೋರಿಸಿದೆ.

“ನೀರು ಎಲ್ಲಿಂದ ಬರ್ತದೆ ಮಾರಾಯ?”

“ಬರ್ತದೆ, ಅಷ್ಟೇ.”

“ಬೋರ್‌ವೆಲ್ ಎಷ್ಟಡಿ?”

“ಬೋರ್‌ವೆಲ್ಲೇ ಇಲ್ಲ ಅಣ್ಣ. ಪಂಪು, ಪೈಪು, ಕರೆಂಟು ಯಾವುದೂ ಬೇಡ.”

ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. “ಸಬ್ಸಿಡಿ ಉಂಟಾ?” ಅಂದ.

ಸಬ್ಸಿಡಿ ಇಲ್ಲ, ಖರ್ಚು ಉಂಟು. ಮೊದಲ ದರ್ಜೆಯ ಸ್ಪ್ರಿಂಕ್ಲರಿಗೆ ಒಂದು ತಾಮ್ರದ ಗಟ್ಟಿ, ಒಂದು ಕಬ್ಬಿಣದ ಗಟ್ಟಿ. ಒಂದೊಂದು ಗಟ್ಟಿಗೂ ಐದು ಅದಿರು, ಮೇಲೆ ಕಲ್ಲಿದ್ದಲು. ಕಬ್ಬಿಣಕ್ಕಾಗಿ ಗಣಿಯಲ್ಲಿ 40 ಅಂತಸ್ತು ಇಳಿಯಬೇಕು, ದಾರಿಯುದ್ದಕ್ಕೂ ಬಂಡೆ ಒಡೆಯಬೇಕು, ಮೇಲೆ ಬೀಳುವ ಹುಳಹುಪ್ಪಟೆಗಳನ್ನು ಬಡಿಯಬೇಕು. ಇಷ್ಟಾದ ಮೇಲೆ ಅದು ನೀರುಣಿಸುವುದು ನಾಲ್ಕೇ ಗಿಡಕ್ಕೆ: ಹಿಂದೆ, ಮುಂದೆ, ಎಡ, ಬಲ. ಮೂಲೆಗಳು ಒಣಒಣ. ದಿನಕ್ಕೆ ಎಂಟು ಅಂಕ ಕಸುವು ಉಳಿಸಲು ಪಾತಾಳಕ್ಕೆ ಇಳಿದುಬರುವ ಈ ವ್ಯವಹಾರ ನನಗೆ ಗಿಟ್ಟುವಂತೆ ಕಾಣುವುದಿಲ್ಲ. ಬೇಸಾಯದಲ್ಲಿ ಆರನೇ ಮಟ್ಟ ತಲುಪಿ, ಚಿನ್ನದ ಗಟ್ಟಿಯನ್ನೂ ಹಾಕಿ ಮಾಡುವ ಎರಡನೆಯದು ಸುತ್ತಲಿನ ಎಂಟೂ ಗಿಡ ನೋಡಿಕೊಳ್ಳುತ್ತದೆ. ಅದರ ಬಗ್ಗೆ ತಕರಾರಿಲ್ಲ. ಇರಿಡಿಯಮ್ಮಿನದು 24 ಗಿಡಕ್ಕೆ ಸಾಕು. ಆದರೆ ಅಷ್ಟು ಹೊತ್ತಿಗೆ ನಾವು ಸಾಹುಕಾರರಾಗಿರುತ್ತೇವೆ, ಲೆಕ್ಕ ಯಾರು ಕೇಳುತ್ತಾರೆ.

ಇನ್ನೊಂದು ದಾರಿ ಮದುವೆ. ಈ ಆಟದಲ್ಲಿ ಕೈಹಿಡಿದವರು ಕೆಲವು ದಿನ ಬೇಗ ಎದ್ದು ತಾವೇ ಗಿಡಗಳಿಗೆ ನೀರು ಹಾಕಿರುತ್ತಾರೆ. ಆದರೆ ಮದುವೆಗೆ ಮುಂಚೆ ಮನೆ ವಿಸ್ತರಿಸಲು 10,000, ಪದಕಕ್ಕೆ 5,000. ನೀರು ಹಾಕುವುದೂ ಅವರಿಗೆ ಮನಸ್ಸು ಬಂದ ದಿನ ಮಾತ್ರ. ಸ್ಪ್ರಿಂಕ್ಲರೇ ಸೋವಿ.

ಹಾಗಿದ್ದೂ ನನಗೆ ಒಂದು ಕೊರಗು ಉಂಟು, ಅದು ಮಳೆಯದು. ಕ್ಯಾನು ಹಿಡಿದು ನೀರು ಹಾಕುವ ಕಾಲದಲ್ಲಿ ಮಳೆ ಬಿದ್ದ ದಿನವೆಂದರೆ ಶಾಲೆಗೆ ರಜೆ ಸಿಕ್ಕಂತೆ. ಹಿಂದಿನ ದಿನ ಟಿವಿಯಲ್ಲಿ ಹವಾಮಾನ ನೋಡಿ, ನಾಳೆ ಮಳೆ ಎಂದಾದರೆ ಇವತ್ತಿನ ನೀರು ಮುಗಿಸಿ, ನಾಲ್ಕು ಗಂಟೆಯೊಳಗೆ ಕಮ್ಮಾರ ಕ್ಲಿಂಟ್‌ನ ಅಂಗಡಿಗೆ ಓಡಿ ಕ್ಯಾನನ್ನು ಮೇಲ್ದರ್ಜೆಗೇರಿಸಲು ಕೊಡುತ್ತಿದ್ದೆ. ಅವನಿಗೆ ಎರಡು ದಿನ ಬೇಕು. ನಡುವಿನ ದಿನವನ್ನು ಮಳೆ ನೋಡಿಕೊಳ್ಳುತ್ತದೆ. ಈ ಜಾಣತನದಿಂದ ಸಿಗುವ ಸಂತೋಷ ಸಣ್ಣದಲ್ಲ. ಹೊಲ ತುಂಬ ಸ್ಪ್ರಿಂಕ್ಲರ್ ಕೂತ ಮೇಲೆ ಮಳೆ ಬಂದರೂ ಒಂದೇ, ಬಿಟ್ಟರೂ ಒಂದೇ. ಟಿವಿ ಹಾಕುವ ಅಭ್ಯಾಸವೇ ತಪ್ಪಿಹೋಯಿತು.

ಕುಂಬಳಕಾಯಿಯ ವಿಚಾರವೂ ಇದೆ. ಅಡ್ಡ ಮೂರು, ಉದ್ದ ಮೂರು ಒತ್ತಾಗಿ ನೆಟ್ಟ ಒಂಬತ್ತು ಕುಂಬಳ ಬಲಿತ ಮೇಲೂ ಕೊಯ್ಯದೆ ನೀರು ಹಾಕುತ್ತಿದ್ದರೆ, ಅದೃಷ್ಟವಿದ್ದ ಒಂದು ಬೆಳಗ್ಗೆ ಅವೆಲ್ಲ ಕೂಡಿ ಒಂದೇ ದೈತ್ಯ ಕಾಯಿ ಆಗುತ್ತವೆ. ಎಂಟು ಗಿಡದ ಸ್ಪ್ರಿಂಕ್ಲರನ್ನು ಸಾಲಾಗಿ ಜೋಡಿಸಿದ ಹೊಲದಲ್ಲಿ ಇದು ಆಗುವ ಮಾತಲ್ಲ, ಯಾವ ಒಂಬತ್ತು ಚೌಕ ಎಣಿಸಿದರೂ ನಡುವೆಲ್ಲೋ ಒಂದು ಸ್ಪ್ರಿಂಕ್ಲರ್ ಅಡ್ಡ ಕೂತಿರುತ್ತದೆ. ಹಾಗಾಗಿ ಹೊಲದ ಒಂದು ಮೂಲೆಯನ್ನು ಯಂತ್ರಕ್ಕೆ ಕೊಡದೆ, ಒಂಬತ್ತು ಕುಂಬಳಕ್ಕೆ ಇವತ್ತಿಗೂ ಕ್ಯಾನಿನಲ್ಲೇ ನೀರು ಹಾಕುತ್ತೇನೆ. ಅಣ್ಣನ ಮಗ ಬಂದಾಗೆಲ್ಲ, “ಚಿಕ್ಕಪ್ಪ, ಅದನ್ನು ಕೊಯ್ದು ಮಾರಿಬಿಡಿ, ಸುಮ್ಮನೆ ಜಾಗ ದಂಡ” ಅನ್ನುತ್ತಾನೆ. ಅವನಿಗೆ ಅರ್ಜೆಂಟು. ಶರತ್ಕಾಲ ಮುಗಿಯಲು ಇನ್ನೂ ಒಂದು ವಾರ ಇದೆ.