ಟಿಸಿ ಸುಟ್ಟ ಹೋತ್ರಿ!

ಮಗಳ ಪಿಯುಸಿ ಪ್ರವೇಶಕ್ಕೆಂದು ದೇವಿಕೊಪ್ಪದಿಂದ ಮುಂಜಾನೆಯ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿದ್ದೆವು. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ಒಂದೊಂದೇ ಕಾಗದ ಕೇಳಿದರು. ಅಂಕಪಟ್ಟಿ ಇತ್ತು, ಜಾತಿ ಪ್ರಮಾಣಪತ್ರ ಇತ್ತು, ಯಾರೂ ಕೇಳದ ರೇಷನ್ ಕಾರ್ಡೂ ಇತ್ತು. "ಟಿಸಿ?" ಅಂದರು. ಚೀಲಕ್ಕೆ ಕೈ ಹಾಕಿದೆ. ಸಿಗಲಿಲ್ಲ. ಅದೇ ಹೊತ್ತಿಗೆ ಮನೆಯಿಂದ ಫೋನು.

"ರೀ, ಟಿಸಿ ಸುಟ್ಟ ಹೋತ್ರಿ!"

ಎದೆ ಧಸಕ್ಕೆಂದಿತು. "ಹೆಂಗ ಸುಡ್ತ?"

"ನಿನ್ನಿಂದ ಎಣ್ಣಿ ಸೋರಾಕತ್ತಿತ್ತಂತ. ಯಾರೂ ಲಕ್ಷ ಕೊಡಲಿಲ್ಲ."

ದೇವರ ಜಗಲಿಯ ಮೇಲೆ, ದೀಪದ ಮಗ್ಗುಲಿಗೇ ಅದನ್ನು ಇಟ್ಟವನು ನಾನೇ ಎಂದು ನೆನಪಾಯಿತು. "ಪೂರ್ತಿ ಸುಟ್ಟೈತೋ, ಓದಾಕ ಬರೂವಂಗ ಐತೋ?"

"ಓದಾಕ?" ಆಕೆ ಗಳಿಗೆ ಹೊತ್ತು ಸುಮ್ಮನಾದಳು. "ಮಂದಿಯೆಲ್ಲಾ ಕೂಡಿ ಪಟ್ಟಿ ಹಾಕಾಕತ್ತಾರ. ನಮ್ಮದೂ ಐನೂರು ಕೊಡ್ಲೇನ್ರಿ?"

ನನ್ನ ಮಗಳ ಒಂದು ಕಾಗದಕ್ಕೆ ಊರೇ ಪಟ್ಟಿ ಎತ್ತುತ್ತಿದೆ! ಕಣ್ಣು ತುಂಬಿ ಬಂದವು. ಇಂಥ ಮಂದಿಯನ್ನು ಕಟ್ಟೆಯ ಮೇಲೆ ಕೂತು ಎಷ್ಟು ಆಡಿಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಒಯ್ಯಾಕ ಟ್ರ್ಯಾಕ್ಟರ್ ಬೇಕಂತ್ರಿ" ಅಂದಾಗ ಬುದ್ಧಿ ತಿರುಗಿ ಬಂತು. ಸುಟ್ಟದ್ದು ಹೊಲದ ಟಿಸಿ.

ಪ್ಯಾಟಿ ಮಂದಿ ಟ್ರಾನ್ಸ್‌ಫಾರ್ಮರ್ ಎಂದು ಬಾಯಿ ತುಂಬ ಅನ್ನುತ್ತಾರೆ. ನಮ್ಮ ಹೊಲಗಳಲ್ಲಿ ಅದು ಟಿಸಿ. 11 ಸಾವಿರ ವೋಲ್ಟನ್ನು ಪಂಪ್‌ಸೆಟ್ಟಿಗೆ ತಾಳುವ ನಾನೂರು ಚಿಲ್ಲರೆಗೆ ಇಳಿಸುವ ಡಬ್ಬಿ. ಒಳಗೆ ತಂತಿಯ ಸುರುಳಿ, ಸುತ್ತ ಎಣ್ಣೆ. ಎಣ್ಣೆ ತಗ್ಗಿದರೆ ಕಾವು ಏರುತ್ತದೆ, ಭಾರ ಹೆಚ್ಚಾದರೂ ಏರುತ್ತದೆ. ನಮ್ಮ 63 ಕೆವಿಎ ಟಿಸಿಗೆ ಭಾರ ಹೇರಿದವರಲ್ಲಿ ನಾನೂ ಒಬ್ಬ: ಕಾಗದದಲ್ಲಿ 5 ಎಚ್‌ಪಿ, ಬೋರ್‌ವೆಲ್ಲಿನಲ್ಲಿ 7.5. ಇದು ನಮ್ಮ ನಿಮ್ಮೊಳಗೇ ಇರಲಿ.

ಈ ಎರಡಕ್ಷರದ ಕಾಟ ನನಗೆ ಹೊಸದಲ್ಲ. ಹರೆಯದಲ್ಲಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ಟಿಲ್ಲದೆ ಟಿಸಿ ಕೈಗೆ ಸಿಕ್ಕಿದ್ದೆ. ಈಗ ಅಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು. ಆಗಲೇ ಇಷ್ಟುದ್ದ ಇದ್ದಿದ್ದರೆ ಓಡಿಯಾದರೂ ಪಾರಾಗುತ್ತಿದ್ದೆ. ಆ ಅಂಜಿಕೆಗೇ, ಬಸ್‌ಸ್ಟ್ಯಾಂಡಿನಲ್ಲಿ "ಟಿಸಿ ಸಾಹೇಬ್ರು ಕರೀತಾರ" ಅಂದಾಗ ಬಂದ ಬಸ್ಸಿನ ಟಿಕೆಟ್ಟು ಹುಡುಕುತ್ತ ನಿಂತೆ. ಅವರು ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸುವ ಸಂಚಾರ ನಿಯಂತ್ರಕರು. ಟಿಕೆಟ್ಟು ಸಿಗುವಷ್ಟರಲ್ಲಿ ಅವರು ಬಿಡಿಸಿದ ಕಲಘಟಗಿ ಬಸ್ಸು ಗೇಟು ದಾಟಿತ್ತು.

ಹೋದ ಮಳೆಗಾಲದಲ್ಲಿ ಜ್ವರ ಬಂದಾಗ ಡಾಕ್ಟರು ‘ಟಿಸಿ, ಡಿಸಿ’ ಎಂದು ಚೀಟಿ ಬರೆದರು. ರಕ್ತದ ಬಿಳಿ ಕಣಗಳ ಒಟ್ಟು ಎಣಿಕೆ, ಮತ್ತೆ ಅವುಗಳಲ್ಲಿ ಯಾವ ಜಾತಿಯವು ಎಷ್ಟೆಷ್ಟು ಎಂಬ ಲೆಕ್ಕ. ನಾನು ಲ್ಯಾಬಿನಲ್ಲಿ, "ಡಿಸಿ ಸಾಹೇಬ್ರ ಸಹಿಗೆ ಧಾರವಾಡಕ್ಕ ಹೋಗಬೇಕೇನ್ರಿ?" ಅಂದೆ. ಹುಡುಗಿ ಸೂಜಿ ಹಿಡಿದುಕೊಂಡೇ ನಕ್ಕಳು. ಎರಡು ಸಲ ಚುಚ್ಚಬೇಕಾಯಿತು.

ನನ್ನ ಶಾಲೆಯ ಟಿಸಿಯದಂತೂ ಬೇರೆಯೇ ಕತೆ. ಅದರಲ್ಲಿ ನಾನು ಹುಟ್ಟಿದ್ದು ಜೂನ್ 1ಕ್ಕೆ. ನನ್ನ ಸರೀಕರಲ್ಲಿ ಬಹಳ ಮಂದಿ ಅವತ್ತೇ ಹುಟ್ಟಿದ್ದಾರೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರ ಕೈಗೆ ಸಲೀಸಾಗಿ ಬರುತ್ತಿದ್ದ ತಾರೀಖು ಅದು. ನಮಗೆ ಕರೆಂಟು ಕೊಡುವ ಹೆಸ್ಕಾಂ ಕೆಲಸ ಸುರು ಮಾಡಿದ್ದೂ 2002ರ ಜೂನ್ 1ಕ್ಕೆ. ಅದರ ಹೆಸರನ್ನೂ ನಮ್ಮ ಮಾಸ್ತರೇ ಹಚ್ಚಿರಬೇಕು.

ಇತ್ತ ಕಿಟಕಿಯ ಮುಂದೆ ಸರತಿ ಬೆಳೆಯುತ್ತಿತ್ತು. "ಅಪ್ಪಾ, ಬುತ್ತಿ ಗಂಟಿನ ಬುಡಕ ನೋಡು" ಅಂದಳು ಮಗಳು. ರೊಟ್ಟಿ, ಅದರ ಕೆಳಗೆ ಬದನೆಕಾಯಿ ಎಣ್ಣೆಗಾಯಿಯ ಡಬ್ಬಿ, ಅದರ ಕೆಳಗೆ ಟಿಸಿ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದರು. ಆಚೆಯ ಗೋಡೆ ಕಾಣುತ್ತಿತ್ತು.

"ಎಣ್ಣಿ ಸೋರೈತಲ್ರಿ ಇದಕ್ಕ?"

"ಇವತ್ತ ಎರಡಕ್ಕೂ ಸೋರೈತ್ರಿ" ಅಂದೆ.

ಹೊಲಕ್ಕೆ ಬೇರೆ ಟಿಸಿ ಮೂರನೆಯ ದಿನ ಬಂತು. ಮೋಟಾರು ಬದಲಿಸುತ್ತೇನೆ ಎಂದು ಮನೆಯಾಕೆಗೆ ಮಾತು ಕೊಟ್ಟಿದ್ದೇನೆ. ಯಾವಾಗ ಎಂದು ಹೇಳಿಲ್ಲ.