ಗಾಜಿನ ಪೆಟ್ಟಿಗೆಯ ಪಾರುಪತ್ಯಗಾರರು

ಥಾಣೆಯ ವಾಗಳೆ ಎಸ್ಟೇಟಿನಿಂದ ಹಿಡಿದು ನವಿ ಮುಂಬಯಿಯ ರಬಾಳೆ, ಮಹಾಪೆವರೆಗೆ ಯಾವ ಕಾರ್ಖಾನೆಗೆ ಹೋದರೂ ಗೇಟಿನ ಹತ್ತಿರ ಗಾಜಿನ ಬಾಗಿಲಿನ ನೋಟಿಸ್ ಬೋರ್ಡೊಂದು ಇರುತ್ತದೆ. ಅದರ ಬೀಗದ ಕೈಯನ್ನು ಜನಿವಾರಕ್ಕೇ ಕಟ್ಟಿಕೊಂಡಂತೆ ಓಡಾಡುವ ಒಬ್ಬರೂ ಇರುತ್ತಾರೆ. ಡೊಂಬಿವಲಿ ಎಂಐಡಿಸಿಯಲ್ಲಿ ನಮ್ಮ ಪಾಲಿಗೆ ಬಂದವರು ಟೈಮ್ ಆಫೀಸಿನ ರಾಯರು. ಊರು ಕುಂದಾಪುರದ ಕಡೆ, ಮನೆ ಕಲ್ಯಾಣ. ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿರುವವನು ನಾನು. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಕೇಳಿ.

ರಾಯರಿಗೆ ಬೆಳಗಾಗುವುದು ಆ ಗಾಜು ಒರೆಸಿದ ಮೇಲೆಯೇ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು ಅವರಿಗೆ ಸುಪ್ರಭಾತವಾಗಿತ್ತು: ನೋಟಿಸು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಬಾಗಿಲ ಬಳಿ ಕಣ್ಣಿಗೆ ಬೀಳಬೇಕು, ಚೊಕ್ಕವಾಗಿರಬೇಕು. “ಓದುವವರೂ ಇರಬೇಕು ಅಂತ ಕಲಮಿನಲ್ಲಿ ಇಲ್ಲವೇ ರಾಯರೇ?” ಎಂದು ಒಮ್ಮೆ ಕೇಳಿದ್ದೆ. ಮೂರು ದಿನ ಮಾತಿಲ್ಲ. ನನ್ನ ರಜೆ ಚೀಟಿ ಅವರ ಡ್ರಾಯರಿನಲ್ಲಿ ನಿದ್ದೆ ಹೊಡೆಯಿತು.

ಹೊರಗೆ ಹೋದರೂ ಇದೇ ಗೀಳು. 2022ರ ತಿದ್ದುಪಡಿಯ ಮೇಲೆ ಮಹಾರಾಷ್ಟ್ರದ ಅಂಗಡಿಗಳ ಫಲಕದಲ್ಲಿ ಮರಾಠಿ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದಲ್ಲ, ಸ್ಟೇಷನ್ನಿನಿಂದ ನಡೆಯುವಾಗ ರಾಯರು ಅಕ್ಷರಗಳನ್ನು ಕಣ್ಣಲ್ಲೇ ಅಳೆಯುತ್ತಾರೆ. ಉಡುಪಿ ಹೋಟೆಲಿಗೆ ನುಗ್ಗಿದರೆ ಇಡ್ಲಿಗಿಂತ ಮೊದಲು “ಗುಮಾಸ್ತಾ ಎಲ್ಲಿ?” ಎಂಬ ಪ್ರಶ್ನೆ. ಈ ಸೀಮೆಯಲ್ಲಿ ಅಂಗಡಿ ಲೈಸೆನ್ಸಿಗೆ ಗುಮಾಸ್ತಾ ಎಂದೇ ಹೆಸರು. ಊರಿಂದ ಆಗಷ್ಟೇ ಬಂದಿದ್ದ ಹುಡುಗನೊಬ್ಬ, “ಅವರು ಇವತ್ತು ಬಂದಿಲ್ಲ” ಎಂದುಬಿಟ್ಟ.

ಆದರೆ ನನ್ನನ್ನು ಅರೆದದ್ದು ಜನವರಿ ಮತ್ತು ಜುಲೈ. ಕನಿಷ್ಠ ವೇತನದ ವಿಶೇಷ ಭತ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಹಳೆ ಹಾಳೆ ಇಳಿಸಿ ಹೊಸದು ಏರಿಸಬೇಕು. ಆಗ ರಾಯರದು ಮದುಮಗಳ ಅಪ್ಪನ ಅವಸ್ಥೆ. ಒಂದು ಜುಲೈಯಲ್ಲಿ ಅವರಿಗೆ ಹೊಳೆಯಿತು: ಹಾಳೆ ಕನ್ನಡದಲ್ಲೂ ಇರಬೇಕು. ಕಾರ್ಖಾನೆಯಲ್ಲಿ ಕನ್ನಡದವರು ಮೂವರು — ಅವರು, ನಾನು, ಕ್ಯಾಂಟೀನಿನ ಹುಡುಗ.

“ಹೆಚ್ಚಿನವರಿಗೆ ತಿಳಿದರೆ ಸಾಕಲ್ಲ ರಾಯರೇ?”

“ಬಾಕಿಯವರು ಗಾಜಿನಲ್ಲಿ ತಲೆ ಬಾಚಿಕೊಳ್ಳುವುದಾ ಮಾರಾಯ್ರೇ?”

ಭಾನುವಾರ ಮನೆಗೇ ಬಂದು ಕೂತರು. ಹೆಂಡತಿ ಎರಡು ಸಲ ಕಾಫಿ ಕೊಟ್ಟಳು, ಮೂರನೆಯ ಸಲ ನನ್ನ ಮುಖ ನೋಡಿದಳು. ನಾನು ಬರೆದೆ: ಕುಶಲ, ಅರೆಕುಶಲ, ಅಕುಶಲ. ಪಂಡಿತನಾದೆನೆಂದು ಒಳಗೊಳಗೇ ಬೀಗಿದೆ. ಸೋಮವಾರ ಕ್ಯಾಂಟೀನಿನ ಹುಡುಗ ಗಾಜಿಗೆ ಮೂಗು ಒತ್ತಿ ಓದಿದ. “ಅಕುಶಲ ಅಂದರೆ ಹುಷಾರಿಲ್ಲದವರಾ? ಅವರಿಗೂ ಪಗಾರ ಉಂಟಾ?”

ರಾಯರು ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. ‘ಕಸುಬು ಕಲಿಯದವರು’ ಎಂದು ತಿದ್ದಿದ್ದಾಯಿತು. ಹುಡುಗ ಮತ್ತೆ ಬಂದ, ಆ ಸಾಲಿನ ಮೇಲೆ ಬೆರಳಿಟ್ಟು ಅಂಕಿಯವರೆಗೆ ಎಳೆದ, ಅಲ್ಲೇ ನಿಂತ. “ಕಂಟ್ರಾಕ್ಟರು ನನಗೆ ಕೊಡುವುದು ಇಷ್ಟಲ್ಲವಲ್ಲ ರಾಯರೇ?”

ರಾಯರು ಭಾಷಣ ಮಾಡಲಿಲ್ಲ. ಮಸ್ಟರು ತೆಗೆದರು, ಕಂಟ್ರಾಕ್ಟರನ್ನು ಕರೆಸಿದರು, ಬಾಗಿಲು ಹಾಕಿಕೊಂಡರು. ಮುಂದಿನ ಪಗಾರದಲ್ಲಿ ಬಾಕಿ ಸೇರಿ ಬಂತು. ಆ ಸಂಜೆ ಲೋಕಲ್ಲಿನಲ್ಲಿ ಕಂಬಿ ಹಿಡಿದು ನೇತಾಡುತ್ತ, ಯಾರಿಗೋ ಎಂಬಂತೆ ಹೇಳಿದರು: “ನಾನು ಥಾಣೆಗೆ ಬಂದಾಗ ಹನ್ನೆರಡು ವರ್ಷ. ಹಗಲು ಕಪ್ಪುಬಸಿ ತೊಳೆಯುವುದು, ರಾತ್ರಿ ಶಾಲೆ. ಪಗಾರ ಎಷ್ಟು ಅಂತ ಕೇಳಿದರೆ ಊರಿಗೆ ಹೋಗುವಾಗ ಕೊಡುತ್ತೇನೆ ಅನ್ನುವರು. ಗೋಡೆಯ ಮೇಲೆ ಲಕ್ಷ್ಮಿಯ ಪಟ ಇತ್ತು. ರೇಟಿನ ಕಾಗದ ಇರಲಿಲ್ಲ.”

ಡೊಂಬಿವಲಿಯಲ್ಲಿ ಲೋಕಲ್ಲು ಹತ್ತಿದರೆ ಕಲ್ಯಾಣ ಹತ್ತಿರವೇ; ನನಗೆ ಉತ್ತರ ಹುಡುಕಲೂ ಸಮಯ ಸಿಗಲಿಲ್ಲ.

2025ರ ನವೆಂಬರ್ 21ರಂದು 29 ಕಾರ್ಮಿಕ ಕಾಯ್ದೆಗಳು ನಾಲ್ಕು ಸಂಹಿತೆಗಳೊಳಗೆ ಸೇರಿಹೋದವು. ಇನ್ನು ಬೋರ್ಡು ಹಗುರ, ನಾನೂ ಹಗುರ ಎಂದುಕೊಂಡೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆ ಲೆಕ್ಕದಲ್ಲಿಲ್ಲ. ಅದರ ಸಮಿತಿಯ ಹಾಳೆ ಅಲುಗಲಿಲ್ಲ. ಉಳಿದವೂ ಇಳಿಯಲಿಲ್ಲ. ಹೊಸ ನಿಯಮ ಬರುವವರೆಗೆ ಹಳೆಯ ನಿಯಮವೂ ನಡೆಯುತ್ತದಂತೆ. “ಸೊಸೆ ಮನೆ ತುಂಬಿದ್ದಾಳೆ, ಅತ್ತೆ ಇನ್ನೂ ಬೀಗದ ಕೈ ಬಿಟ್ಟಿಲ್ಲ. ಇಬ್ಬರಿಗೂ ಮಣೆ ಹಾಕಬೇಕು” ಎಂದು ರಾಯರು ಎರಡನೆಯ ಗಾಜಿನ ಪೆಟ್ಟಿಗೆ ಮಾಡಿಸಿದರು. ವೋಚರು ಬರೆದವನು ನಾನೇ.

ಆ ಪೆಟ್ಟಿಗೆಯ ಬೀಗದ ಕೈ ಈಗ ನನ್ನ ಜೇಬಿನಲ್ಲಿದೆ. ಮೊನ್ನೆ ಒಳಗೆ ಸೇರಿದ ಹಲ್ಲಿಯನ್ನು ಓಡಿಸಿ, ಕರವಸ್ತ್ರದಿಂದ ಗಾಜು ಒರೆಸಿದೆ. ಹಿಂದಿನಿಂದ ದನಿ ಬಂತು: “ಮೂಲೆ ಬಿಟ್ಟಿರಲ್ಲ ಮಾರಾಯ್ರೇ.”