ಮೊದಲು ಮುಚ್ಚಳ ಬಿಚ್ಚಿ

"ಭಾವ, ಆರೂವರೆಯೋ ಐದೂವರೆಯೋ, ಒಂದೇ ಮಾತಲ್ಲಿ ಹೇಳಿಬಿಡಿ" ಎಂದು ನನ್ನ ಷಡ್ಡಕ ಫೋನಿನಲ್ಲಿ ಕೂಗಿದ್ದು ಅಡುಗೆಮನೆಗೂ ಕೇಳಿಸಿತು.

"ಆರೂವರೆಗೆ ಎಲ್ಲಿಗೆ ಹೊರಟಿರಿ?" ಎಂದಳು ನನ್ನವಳು.

ಎಲ್ಲಿಗೂ ಇಲ್ಲ ಮಾರಾಯ್ತಿ, ನಿನ್ನ ತಂಗಿಯ ಗಂಡ ಮೇಜಿನ ಮೇಲಿಡುವ ಮಲ್ಟಿಮೀಟರ್ ಕೊಳ್ಳುತ್ತಾನಂತೆ, ಅದಕ್ಕೆಷ್ಟು ಅಂಕಿ ಇರಬೇಕು ಅಂತ ಕೇಳ್ತಿದ್ದಾನೆ ಎಂದೆ. "ಅಂಕಿ ಅರ್ಧ ಹೇಗಿರುತ್ತೆ?" ಎಂದಳು. ಕೇಳಬೇಕಾದ ಪ್ರಶ್ನೆಯೇ. ಎಡತುದಿಯಲ್ಲಿ ಕೂತ ಅಂಕಿಗೆ ಸೊನ್ನೆ, ಒಂದು ಬಿಟ್ಟರೆ ಮುಂದಕ್ಕೆ ಬಾರದು. ಒಂದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಉಳಿದ ಆರು ಮಂದಿ ಒಂಬತ್ತರ ತನಕ ಓದಿದವರು. ಪಾಪ, ಅವನನ್ನು ಪೂರ್ತಿ ಎನ್ನಲು ಮನಸ್ಸು ಬಾರದೆ, ಬಿಟ್ಟುಬಿಡಲೂ ಆಗದೆ, ಬೈಟು ಕಾಫಿಯ ಲೆಕ್ಕದಲ್ಲಿ ಅರ್ಧ ಅಂದಿದ್ದಾರೆ.

ಷಡ್ಡಕನ ಮನೆಯಲ್ಲಿ ಕೈಮೀಟರುಗಳು ಈಗಾಗಲೇ ಐದಿವೆ. ಮೂರು ಸತ್ತಿವೆ. ಸತ್ತವನ್ನು ಬಿಚ್ಚಿ ನೋಡಿದರೆ ಬೋರ್ಡಿನ ನಡುವೆ ಚಿಪ್ಪಿನ ಮೇಲೆ ದಪ್ಪಗೆ ಒಂದು ಕರಿ ಬೊಟ್ಟು. ನಂಬರಿಲ್ಲ, ಕಾಲಿಲ್ಲ, ಕಿತ್ತು ಬೇರೆ ಹಾಕುವ ಹಾಗೂ ಇಲ್ಲ. ರಿಪೇರಿಯವನ ಕಣ್ಣು ತಾಗದಿರಲಿ ಅಂತ ತಯಾರಕರೇ ಇಟ್ಟು ಕಳಿಸಿದ ದೃಷ್ಟಿಬೊಟ್ಟು ಅದು. ಈ ಸಲ ಬಾಳಿಕೆ ಬರುವಂಥದ್ದು, ಕೆಟ್ಟರೆ ಬಿಚ್ಚಿ ಕೂರಬಹುದಾದದ್ದು ಬೇಕು ಅನ್ನುವವರೆಗೆ ಅವನ ಆಸೆ ಸರಿಯಾಗಿಯೇ ಇತ್ತು. ಆಮೇಲೆ ಆರೂವರೆಯ ಭೂತ ಹೊಕ್ಕಿತು.

ಅಳೆಯುವುದಾದರೂ ಏನನ್ನು? ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲು. ಹೊಸದಾದರೆ ಒಂದೂವರೆ ವೋಲ್ಟಿಗಿಂತ ಚೂರು ಮೇಲೆ ಅಂತ ತಿಳಿದರೆ ಗಡಿಯಾರಕ್ಕೂ ಸಾಕು, ನಮಗೂ ಸಾಕು. ಆರೂವರೆ ಅಂಕಿಯ ಮೀಟರು ಅಷ್ಟಕ್ಕೆ ಬಿಡುವುದಿಲ್ಲ, ದಶಾಂಶದಾಚೆ ಐದು ಅಂಕಿ ಹೇಳುತ್ತದೆ, ಕಡೆಯದು ತೂಕಡಿಸಿದವನ ತಲೆಯಂತೆ ಆಡುತ್ತಲೇ ಇರುತ್ತದೆ. ಇನ್ನೂ ಕೆಳಗಿನ ರೇಂಜಿಗೆ ಇಳಿದರಂತೂ ತಂತಿ ಸೇರುವ ಕಡೆ ಬೆರಳು ತಾಗಿದ ಬಿಸಿಗೇ ಕೆಲವು ಮೈಕ್ರೋವೋಲ್ಟ್ ಹುಟ್ಟಿಬಿಡುತ್ತದೆ. ಆಗ ಮೀಟರು ಅಳೆಯುತ್ತಿರುವುದು ಸೆಲ್ಲನ್ನೋ ಷಡ್ಡಕನ ಮೈಬಿಸಿಯನ್ನೋ!

1990ರ ದಶಕದ ಎಚ್‌ಪಿ 34401ಎ ನೋಡಿ. ಲ್ಯಾಬುಗಳಲ್ಲಿ ಇವತ್ತಿಗೂ ಕೂತಿರುವ ಆರೂವರೆ ಅಂಕಿಯ ಗಟ್ಟಿಗ. ಹತ್ತು ವೋಲ್ಟಿನ ರೇಂಜಿನಲ್ಲಿ ಅದರ ಕಡೆಯ ಅಂಕಿ 10 ಮೈಕ್ರೋವೋಲ್ಟ್ ತೋರಿಸುತ್ತದೆ. ಆದರೆ ಕ್ಯಾಲಿಬ್ರೇಷನ್ ಆದ ಒಂದು ವರ್ಷದೊಳಗೆ 10 ವೋಲ್ಟಿಗೆ 400 ಮೈಕ್ರೋವೋಲ್ಟ್ ಆಚೀಚೆಯಾದರೆ ಬೈಯಬೇಡಿ ಎಂದು ಅದರ ಪುಸ್ತಕವೇ ಮೊದಲೇ ಹೇಳಿಕೊಂಡಿದೆ. ಆ ಪ್ರಾಮಾಣಿಕತೆ ನನಗಿಷ್ಟ. ಅದಕ್ಕಿಂತ ಇಷ್ಟ, ಅದರ ಸರ್ವಿಸ್ ಪುಸ್ತಕ: ಪೂರ್ತಿ ಸರ್ಕ್ಯೂಟ್, ಬಿಡಿಭಾಗಗಳ ಪಟ್ಟಿ, ಯಾವುದು ಏಕೆ ಹೀಗೆ ಕೆಲಸ ಮಾಡುತ್ತದೆಂಬ ವಿವರಣೆ. ತವರುಮನೆ 1999ರಲ್ಲಿ ಎಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು, ಮೀಟರು ಮಾತ್ರ ತನ್ನ ನಂಬರು ಬಿಡದೆ ಬಾಳಿತು.

ಹಾಗಂತ ಅದೂ ಮುದಿಯಾಗುತ್ತದೆ. ಉರಿದಷ್ಟೂ ನೀಲಿಹಸಿರು ಡಿಸ್‌ಪ್ಲೇ ಮಂಕಾಗುತ್ತದೆ. ಕೆಪಾಸಿಟರು ಒಣಗಿದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಪುಡಿಗಾಸಿಗೆ ಸಿಗುತ್ತದೆ. ತಯಾರಕರು ತಮಗೆಂದೇ ಮಾಡಿಸಿಕೊಂಡ ಚಿಪ್ಪು ಹೋದರೆ ಇನ್ನೊಂದು ಸತ್ತ ಮೀಟರಿನ ದೇಹದಾನಕ್ಕೆ ಕಾಯಬೇಕು. ಅಮೆರಿಕದಿಂದ ಮಗ ಹೊತ್ತು ತಂದದ್ದಾದರೆ ಬೆನ್ನ ಹಿಂದಿನ ವೋಲ್ಟೇಜ್ ಗುರುತು 120ರಲ್ಲೇ ನಿಂತಿದೆಯೇ ನೋಡಿ. ನೋಡದೆ ನಮ್ಮ 230ಕ್ಕೆ ಸಿಕ್ಕಿಸಿದರೆ ಅಳೆಯುವ ಕೆಲಸ ಅಲ್ಲಿಗೇ ಮುಗಿಯಿತು.

ನಾನು ಷಡ್ಡಕನಿಗೆ ಅಂಕಿಯ ಮಾತೇ ಆಡಲಿಲ್ಲ. "ಅಂಗಡಿಯಲ್ಲಿ ಮೊದಲು ಮುಚ್ಚಳ ಬಿಚ್ಚಿಸು" ಎಂದೆ.

ಹೋದ. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಇಡೀ ದಿನ ಅಲೆದ. "ವರ್ಕಿಂಗ್ ಕಂಡೀಷನ್ ಸಾರ್, ಮುಚ್ಚಳ ಯಾಕೆ?" ಎಂದವರನ್ನೆಲ್ಲ ದಾಟಿ, ಕೊನೆಗೆ ಎಚ್‌ಪಿ 3478ಎ ಎಂಬ ಹಿರಿಯರನ್ನು ಬಗಲಲ್ಲಿಟ್ಟುಕೊಂಡು ಬಂದ. 1980ರ ದಶಕದ್ದು, ಐದೂವರೆ ಅಂಕಿ. ಕಡ್ಡಿಗಳೆರಡನ್ನೂ ಮುಟ್ಟಿಸಿದರೆ ಓಮ್ ಸೊನ್ನೆಯ ಹತ್ತಿರ ಬರುತ್ತದೆ, ಎಲ್ಲ ಗುಂಡಿಗಳೂ ಮಾತು ಕೇಳುತ್ತವೆ. ಒಂದೇ ಪೀಕಲಾಟ. ಈ ಹಿರಿಯರ ಕ್ಯಾಲಿಬ್ರೇಷನ್ ನೆನಪೆಲ್ಲ ಒಂದು ಮೂರು ವೋಲ್ಟಿನ ಲಿಥಿಯಂ ಸೆಲ್ಲಿನ ಮೇಲೆ ನಿಂತಿದೆ. ಮೀಟರು ಆಫ್ ಇದ್ದಾಗ ಆ ಸೆಲ್ಲೇ ನೆನಪನ್ನು ಕಾಯುವುದು. ಅದು ಸತ್ತರೆ ಅಂಗಾಂಗವೆಲ್ಲ ನೆಟ್ಟಗಿದ್ದೂ ವೋಲ್ಟು ಅಂದರೆಷ್ಟು ಅನ್ನುವುದೇ ಮರೆತುಹೋಗುತ್ತದೆ. ಹೋಲ್ಡರ್ ಗೀಲ್ಡರ್ ಇಲ್ಲ, ಬೋರ್ಡಿಗೇ ಬೆಸುಗೆ. ಹಾಗಾಗಿ ಬಲ್ಲವರು ಮೀಟರು ಎಚ್ಚರವಿದ್ದಾಗಲೇ, ಕಾದ ಬೆಸುಗೆಕಡ್ಡಿಯ ಪ್ಲಗ್ ಕಿತ್ತುಕೊಂಡು, ಹಳೆಯ ಸೆಲ್ಲು ತೆಗೆದು ಹೊಸದು ಕೂರಿಸುತ್ತಾರೆ. ಒಳಗೆ 230 ವೋಲ್ಟು ಹರಿಯುತ್ತಿರುತ್ತದೆ, ಕೈ ನಡುಗುವಂತಿಲ್ಲ. ಮಧ್ಯದಲ್ಲಿ ಕರೆಂಟ್ ಹೋಯಿತೋ, ಮುಗೀತು.

ಮುಚ್ಚಳದ ಒಳಮೈಯಲ್ಲಿ ಯಾರೋ ಪುಣ್ಯಾತ್ಮ ಪೆನ್ಸಿಲ್ಲಿನಲ್ಲಿ ಹಿಂದಿನ ಸೆಲ್ಲು ಹಾಕಿದ ತಾರೀಖು ಬರೆದಿಟ್ಟಿದ್ದ. ಅದನ್ನೋದಿ ಷಡ್ಡಕನಿಗೆ ಬೆವರು ಕಿತ್ತಿತು. ರಾತ್ರಿಯೇ ಫೋನು.

"ಭಾವ, ಟಾರ್ಚ್ ಹಿಡಿಯೋಕೆ ನೀವೇ ಬರಬೇಕು. ನಮ್ಮ ಏರಿಯಾದಲ್ಲಿ ಕರೆಂಟ್ ನಂಬೋ ಹಾಗಿರೋದು ಬೆಳಗಿನ ಜಾವ ಮಾತ್ರ. ಐದೂವರೆ."

ನನ್ನವಳು ಒಳಗಿಂದಲೇ ಕೇಳಿಸಿಕೊಂಡಳು. ಈಗ ಅವಳೂ ಪಳಗಿದ್ದಾಳೆ.

"ಆರೂವರೆ ಬೇಡ ಅಂತ ಐದೂವರೆ ಅಂಕಿಯದ್ದೇ ತಂದನಾ?"

"ತಂದ. ಆದರೆ ಈ ಐದೂವರೆ ಗಡಿಯಾರದ್ದು. ಅಲಾರಂ ಇಡು."